ಲೆಸ್ಯಾ ಅತ್ತಳು

ನವೆಂಬರ್ ೧೪, ಗುರುವಾರ, ಬರ್ನಬಿ.

ನನ್ನ ಮಗಳು ಲೆಸ್ಯಾ ದಿನವಿಡೀ ಇನ್ನೊಬ್ಬನನ್ನು "ಅಪ್ಪಾ" ಎನ್ನುವುದನ್ನು ಕೇಳುತ್ತ ಕೂರುವುದೇ ನನಗೊಂದು ಸಂಕಟವಾಗಿತ್ತು. ಅವಳು ನಟಿಸುವ ಧಾರಾವಾಹಿಯಲ್ಲಿ ಅವಳ ಅಪ್ಪ ಆಕಾಶದಲ್ಲಿ ಹಾರುವ ವೀರ. ಹೆತ್ತವರು ಮಗುವಿನ ಕಣ್ಣಳತೆಯಲ್ಲೇ ಇರಬೇಕೆಂಬ ನಿಯಮಕ್ಕೆ ಕುರ್ಚಿ ಹಿಡಿದು ಕೂತವನು ನಾನು.

ಇವತ್ತು ವೀರ ಯುದ್ಧಕ್ಕೆ ಹಾರುವಾಗ ಅವಳು ಅಳಬೇಕಿತ್ತು. ಎಷ್ಟು ಸಲ ಚಿತ್ರೀಕರಿಸಿದರೂ ಕಣ್ಣೀರು ಬರಲಿಲ್ಲ. ಕೊನೆಗೆ ಲೆಸ್ಯಾಳೇ ನಿರ್ದೇಶಕಿಯ ಕಿವಿಯಲ್ಲಿ ಏನೋ ಹೇಳಿದಳು. ಆಕೆ ನನ್ನ ಬಳಿ ಬಂದು, "ಎದ್ದು ಬಾಗ್ಲ ಕಡೆ ನಡೀರಿ. ತಿರುಗಿ ಮಾತ್ರ ನೋಡ್ಬೇಡಿ" ಎಂದರು.

ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಿಂದೆ ಅವಳು ಬಿಕ್ಕಿ ಅಳುವುದು ಕೇಳಿಸಿತು.

"ನಾನು ಆಕಾಶಕ್ಕೇ ಹಾರಿದ್ರೂ ಅಳ್ಲಿಲ್ಲ. ನೀವು ಬಾಗ್ಲಿಗೆ ಹೋಗಿದ್ದಕ್ಕೇ ಹಿಂಗೆ ಅತ್ಲಲ್ಲ ಸ್ವಾಮಿ!" ಎಂದು ವೀರನ ವೇಷದ ಡಂಕನ್ ನಕ್ಕ. ಅಷ್ಟರಲ್ಲಿ ಲೆಸ್ಯಾ ಓಡಿಬಂದು ನನ್ನ ಕೋಟಿನ ತೋಳಿಗೆ ಮೂಗು ಒರೆಸಿದಳು.

ದೇವರು ದೊಡ್ಡವನು. ತೋಳಿನ ಮೇಲಿನ ಕಲೆ ಹಾಗೇ ಇದೆ, ಒಗೆಯಲು ಮನಸ್ಸೇ ಬರುತ್ತಿಲ್ಲ.