ಕೊನೆಗೆ ಹೇಳಬೇಕಿದ್ದ ಒಳ್ಳೆಯ ಮಾತು

ವಸುಂಧರಾ ಮೇಡಂ ಅವರಿಗೆ ನಮಸ್ಕಾರ.

ನಮ್ಮ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ನೀವು ಸಂವಹನ ಕಲೆಯ ತರಬೇತಿ ಕೊಟ್ಟಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಆಫೀಸಿನ ಯೋಗಿತಾ ನಾನು. ಕಹಿ ಸುದ್ದಿಯನ್ನು ಎರಡು ಒಳ್ಳೆಯ ಮಾತುಗಳ ನಡುವೆ ಇಟ್ಟು ಹೇಳಬೇಕು ಎಂದಿರಿ. ನಾವೆಲ್ಲ ತಲೆಯಾಡಿಸಿದೆವು.

ಹೋದ ವಾರ ನಮ್ಮ ಹಮಾಲಿ ಕ್ಯಾತಣ್ಣ ಲಾರಿಯಿಂದ ಕಾಯಿ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದ. "ಟ್ರೈನಿಂಗ್ ತಗೊಂಡಿರೋರು ನೀವೇ ಅಲ್ವೇನ್ರೀ, ಅವ್ನ ಮನೇಲಿ ಹೇಳ್ಬನ್ನಿ" ಎಂದು ಮ್ಯಾನೇಜರ್ ನನ್ನನ್ನೇ ಕಳಿಸಿದರು.

ಕೆಂಕೆರೆ ಪಕ್ಕದ ಹಟ್ಟಿಯಲ್ಲಿ ಅವನ ಹೆಂಡತಿ ಭಾಗ್ಯ ಕುರಿಗೆ ಸೊಪ್ಪು ಕಟ್ಟುತ್ತಿದ್ದಳು. ಅವಳಿಗಿನ್ನೂ ಏನೂ ಗೊತ್ತಿರಲಿಲ್ಲ. "ನಿಮ್ಮ ಯಜಮಾನರಂಥ ಕೆಲಸಗಾರರು ನಮ್ಮಲ್ಲಿ ಇನ್ನೊಬ್ಬರಿಲ್ಲ" ಎಂದು ನೀವು ಕಲಿಸಿದಂತೆಯೇ ಶುರು ಮಾಡಿದೆ. ಅವಳ ಮುಖ ಅರಳಿತು.

"ನಮ್ಮೋರ್ನ ಮೇಸ್ತ್ರಿ ಮಾಡುದ್ರಾ ಅಕ್ಕ? ತಡೀರಿ, ಬಂದೆ" ಎನ್ನುತ್ತಾ ಒಳಗೆ ಓಡಿದಳು. ಕೊಬ್ಬರಿ ಬೆಲ್ಲ ತಂದು ನನ್ನ ಅಂಗೈಗೆ ಹಾಕಿ, "ಬಾಯಿ ಸಿಹಿ ಮಾಡ್ಕಂಡು ಹೇಳ್ರಕ್ಕ" ಎಂದಳು.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ಉಳಿದದ್ದನ್ನು ಹೇಳಿದೆ.

ಮೇಡಂ, ಮುಂದೆ ಈ ಪಾಠ ಮಾಡುವಾಗ, ಸಾವಿನ ಸುದ್ದಿಗೆ ಇದು ಬೇಡ ಎಂಬುದನ್ನೂ ದಯವಿಟ್ಟು ಸೇರಿಸಿ. ಇನ್ನೊಂದು ವಿಷಯ. ಗುರುವಾರ ತಿಥಿ. ನಾನು ಹೋಗಲೇಬೇಕು, ಅವಳ ಎದುರು ನಿಲ್ಲಲೇಬೇಕು. ಕೊನೆಗೆ ಹೇಳಬೇಕಿದ್ದ ಆ ಒಳ್ಳೆಯ ಮಾತು ನನಗೆ ಇನ್ನೂ ಸಿಕ್ಕಿಲ್ಲ. ನಿಮಗೆ ಗೊತ್ತಿದ್ದರೆ ಅಷ್ಟರೊಳಗೆ ಫೋನಿಗಾದರೂ ಬರೆದು ಕಳಿಸಿ.

ಇಂತಿ ನಿಮ್ಮ,
ಯೋಗಿತಾ