‘ಸುಲಭ’ ಅಂತ ಬರೆದಿದ್ದ ದೋಣಿ

ಫೆಬ್ರವರಿ ೩, ಬೆಳಿಗ್ಗೆ ೬.೧೦

ಯೂನಿಫಾರ್ಮ್ ಜಾಕೆಟ್ಟಿನ ಕೆಳಗಿನ ಗುಂಡಿ ಇವತ್ತೂ ಕೂತಿತು. ಉಸಿರು ಬಿಗಿ ಹಿಡಿದು. ನಾಳೆ ಗೊತ್ತಿಲ್ಲ. ಹದಿನೇಳನೇ ವಾರ. ಹೋದ ಸಲ ಹನ್ನೊಂದಕ್ಕೇ ಮುಗಿದಿತ್ತು — ಇದನ್ನ ಬರೀಬಾರದು ಅಂದ್ಕೊಂಡಿದ್ದೆ. ಬರೆದಾಯ್ತು.

ಟಾಯ್ಲೆಟ್‌ಗೆ ಹೋದಾಗಲೆಲ್ಲ ಮೊದಲು ಕಣ್ಣು ಮುಚ್ಕೋತೀನಿ. ಆಮೇಲೆ ನೋಡ್ತೀನಿ. ಏನೂ ಇಲ್ಲ. ಇನ್ನೊಂದು ಎರಡು ಗಂಟೆ ಬದುಕಬಹುದು.

ಫ್ಯೂಸ್ ಡ್ಯೂಟಿಗೆ ಹೋದ. ಹಡಗಿನ ಎಲೆಕ್ಟ್ರಿಷಿಯನ್‌ಗೆ ಹಡಗಿನವರೆಲ್ಲ ಇಟ್ಟ ಹೆಸರು, ಕಟ್ಟಿಕೊಂಡವಳಿಗೂ ಅದೇ ಬಾಯಿಗೆ ಬರುತ್ತೆ. ಮೂರು ವರ್ಷ ಅವನೊಂದು ಹಡಗು, ನಾನೊಂದು ಹಡಗು. ಈಗ ತಾನೆ ಒಂದೇ ಕ್ಯಾಬಿನ್ ಸಿಕ್ಕಿದೆ. ಬಸುರಿ ಅಂತ ಗೊತ್ತಾದ್ರೆ ಮುಂದಿನ ಬಂದರಲ್ಲಿ ಇಳಿಸಿ ಮನೆಗೆ ಕಳಿಸ್ತಾರೆ. ನನ್ನನ್ನ ಮಾತ್ರ. ಅಲ್ಲಿ ಮತ್ತೆ ಏನಾದ್ರೂ ಆದ್ರೆ, ಹೋದ ಸಲದ ಹಾಗೆ, ಒಬ್ಬಳೇ. ಹೇಳಿಬಿಡು ಅಂತಾನೆ ಇವನು. ಇನ್ನೊಂದು ವಾರ ಅಂತೀನಿ ನಾನು. ಆರು ವಾರದಿಂದ ಅದೇ ಇನ್ನೊಂದು ವಾರ.

ಅದೇ ದಿನ, ಸಂಜೆ ೪

ನನ್ನ ಟೂರ್ ಡೆಸ್ಕಿಗೆ ಪ್ರಯಾಣಿಕರಲ್ಲಿ ಒಬ್ಬ ಅತ್ತೆ ಸೊಸೆ ಬಂದಿದ್ರು. ಸೊಸೆ ಶಾಲೆಯಲ್ಲಿ ಟೀಚರ್. ಐದು ತಿಂಗಳು. ಡಾಕ್ಟರ ಚೀಟಿಯನ್ನ ಕೇಳೋಕೆ ಮುಂಚೆಯೇ ಟೇಬಲ್ ಮೇಲೆ ಇಟ್ಲು. ಹೋಂವರ್ಕ್ ತೋರಿಸೋ ಮಗು ಥರ. ನಾಳೆ ಹಡಗು ದ್ವೀಪದಲ್ಲಿ ನಿಲ್ಲುತ್ತಲ್ಲ, ಮೈಗೆ ಆಯಾಸ ಆಗದಂಥದ್ದು ಯಾವುದು?

ಜೀಪು ಬೇಡ ಅಂದೆ, ದಾರಿ ಪೂರ್ತಿ ಗುಂಡಿ. ಜಲಪಾತಕ್ಕೆ ಇನ್ನೂರು ಮೆಟ್ಟಿಲು, ಎಲ್ಲ ಪಾಚಿ. ಕುದುರೆ ಸವಾರಿ ಅಂದಾಗ ಅತ್ತೆ ಕೊಟ್ಟ ನೋಟಕ್ಕೆ ಕುದುರೆಯೇ ಓಡಿಹೋಗ್ಬೇಕಿತ್ತು. ಸರಿಯಾದದ್ದು ಸಸ್ಯತೋಟ. ಪುಟ್ಟ ರೈಲು, ಸಮತಟ್ಟು ದಾರಿ, ನೆರಳು, ಹೆಜ್ಜೆಗೊಂದು ಟಾಯ್ಲೆಟ್. ಅದರ ಬೆಲೆ ಏನು ಅಂತ ನನಗೆ ಗೊತ್ತು. ಆದ್ರೆ ತೋಟದ ಸೀಟೆಲ್ಲ ಭರ್ತಿ.

ಉಳಿದದ್ದು ಗಾಜಿನ ತಳದ ದೋಣಿ. ಪ್ರವಾಸದ ಪಟ್ಟಿಯಲ್ಲಿ ಅದರ ಪಕ್ಕ ಒಂದೇ ಹೆಜ್ಜೆಯ ಗುರುತು, ಮೂರಿದ್ರೆ ಕಷ್ಟದ್ದು ಅಂತ. ‘ಸುಲಭ’. ಆ ಗುರುತು ಹಾಕಿದ್ದು ದಡದ ಏಜೆಂಟು. ನಮ್ಮಲ್ಲಿ ಯಾರೂ ಹತ್ತಿ ನೋಡಿಲ್ಲ. ಹೋದ ತಿಂಗಳು ಪ್ರಯಾಣಿಕರು ಬರೆದ ಚೀಟಿ ಮಾತ್ರ ಓದಿದ್ದೆ — ಹೋಗ್ತಾ ನೀರು ಹಾಲಿನ ಹಾಗೆ, ವಾಪಸ್ ಬರ್ತಾ ಗಾಳಿ ಎದ್ದು ದೋಣಿ ಎತ್ತಿ ಎತ್ತಿ ಬಡೀತು, ಒಬ್ಬ ಹಿರಿಯರ ಸೊಂಟ ಹಿಡ್ಕೊಂಡಿತು. ಮೂರು ಚೀಟಿ. ಡ್ರಾಯರ್‌ನಲ್ಲೇ ಇವೆ.

ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ರು. ದೋಣಿಯಲ್ಲಿ ಹದಿನಾಲ್ಕು ಸೀಟು ಖಾಲಿ. ಹೋದ ತಿಂಗಳಿಂದ ಬೇರೆ ಬಂದರುಗಳಲ್ಲಿ ತಲೆನೋವು ಅಂತ ಮೂರು ಸಲ ದೋಣಿ ಡ್ಯೂಟಿ ತಪ್ಪಿಸ್ಕೊಂಡಿದ್ದೀನಿ. ಈಗ ದೋಣಿಯ ಬಗ್ಗೆ ಬಾಯಿ ಬಿಟ್ರೆ ಇವಳಿಗೇನು ದೋಣಿ ಅಂದ್ರೆ ಅಷ್ಟು ಭಯ ಅಂತ ಕೇಳ್ತಾರೆ. ಕೇಳಿದ್ರೆ ನನ್ನ ಮುಖವೇ ಹೇಳಿಬಿಡುತ್ತೆ.

ಅತ್ತೆ ನನ್ನ ಕೈ ಹಿಡ್ಕೊಂಡ್ರು. “ನಿನ್ನ ಒಡಹುಟ್ಟಿದ ತಂಗಿ ಆಗಿದ್ರೆ ಕಳಿಸ್ತಿದ್ಯೇನಮ್ಮ?”

“ಕಳಿಸ್ತಿದ್ದೆ ಅಮ್ಮ.”

ಅಷ್ಟೇ. ಎರಡು ಟಿಕೆಟ್.

ಫೆಬ್ರವರಿ ೪, ಬೆಳಿಗ್ಗೆ ೭

ಡ್ಯೂಟಿ ಪಟ್ಟಿ ಬಂತು. ದೋಣಿಯ ಜೊತೆ ಹೋಗೋದು ನಾನೇ. ನೀವೇ ತುಂಬಿಸಿದ್ದೀರಿ, ನೀವೇ ಕರ್ಕೊಂಡು ಹೋಗಿ ಬನ್ನಿ ಅಂದ್ರು ಮ್ಯಾನೇಜರ್. ಶಿಕ್ಷೆ ಅಂತ ಅಲ್ಲ, ಖುಷಿಯಿಂದಲೇ ಅಂದಿದ್ದು. ತಲೆನೋವು ಅನ್ನೋಕೆ ಬಾಯಿ ತೆರೆದೆ. ಟೀಚರ್ ಒಬ್ಬಳನ್ನೇ ಕಳಿಸಿದ ಹಾಗಾಗುತ್ತೆ. ಮುಚ್ಚಿದೆ.

ಪಟ್ಟಿ ಜೇಬಿಗಿಟ್ಟು ಹೊರಟೆ.

ಫೆಬ್ರವರಿ ೪, ಸಂಜೆ ೫.೩೦

ಹೋಗ್ತಾ ಎಲ್ಲ ಚೆನ್ನಾಗಿತ್ತು. ಅದೇ ಕೆಟ್ಟದ್ದು. ಕಾಲಡಿಯ ಗಾಜಿನಲ್ಲಿ ನೀಲಿ ಮೀನಿನ ಹಿಂಡು. ಟೀಚರ್ ಬಗ್ಗಿ ಎಣಿಸ್ತಾ ಕೂತಿದ್ಲು, ಹಾಜರಿ ತಗೊಳ್ಳೋ ಥರ. ಅತ್ತೆ ಮೀನು ನೋಡ್ಲೇ ಇಲ್ಲ, ಸೊಸೆಯನ್ನೇ ನೋಡ್ತಿದ್ರು. ಚೀಟಿ ಬರೆದವರು ಸುಮ್ನೆ ಹೆಚ್ಚು ಮಾಡಿ ಬರೆದಿರಬೇಕು ಅಂತ ನಾನೂ ನಂಬೋಕೆ ಶುರು ಮಾಡಿದ್ದೆ.

ಎರಡು ಗಂಟೆಗೆ ಗಾಳಿ ತಿರುಗಿತು. ಮೊದಲ ಅಲೆಗೆ ಎಲ್ಲ ನಕ್ರು. ಎರಡನೇದಕ್ಕೆ ಯಾರೂ ನಗಲಿಲ್ಲ. ದೋಣಿಯ ಮೂತಿ ಮೇಲೆದ್ದು ಧಡ್ ಅಂತ ಬೀಳೋದು, ಮರದ ಬೆಂಚಿನಿಂದ ನೇರ ಬೆನ್ನುಮೂಳೆಗೆ. ನಿಧಾನ ಮಾಡಿ ಅಂತ ದೋಣಿಯವನಿಗೆ ಕೂಗಿ ಹೇಳಿದೆ. ನಿಧಾನ ಮಾಡಿದ್ರೆ ಅಡ್ಡ ಅಲೆ ಹೊಡೆಯುತ್ತೆ ಅಂದ. ಅವನು ಹೇಳಿದ್ದು ಸರಿ ಇರಬಹುದು.

ಟೀಚರ್ ಮುಂದಿನ ಬೆಂಚಿನಲ್ಲಿದ್ಲು. ಹೊಡೆತ ಹೆಚ್ಚು ಬೀಳೋದೇ ಅಲ್ಲಿ. ತೆವಳ್ಕೊಂಡು ಹೋಗಿ ಎಬ್ಬಿಸಿದೆ, ಹಿಂದಕ್ಕೆ ಕರ್ಕೊಂಡು ಬಂದೆ. ಕೂರಬೇಡಿ, ಮಂಡಿ ಸಡಿಲ ಬಿಟ್ಟು ನಿಲ್ಲಿ, ನನ್ನ ಹಿಡ್ಕೊಳ್ಳಿ ಅಂದೆ. ಅವಳು ನನ್ನ ಭುಜ, ನಾನು ಕಂಬಿ. ನಲವತ್ತು ನಿಮಿಷ. ಒಂದೊಂದು ಅಲೆಗೂ ನನ್ನ ಒಂದು ಕೈ ತಾನಾಗೇ ಹೊಟ್ಟೆಗೆ ಹೋಗ್ತಿತ್ತು. ಅವಳು ನೋಡಿದ್ಲು. ಕಿವಿಯ ಹತ್ರ ಬಂದು, “ನಿಮಗೂ?” ಅಂದ್ಲು.

ತಲೆ ಆಡಿಸಿದೆ.

“ಗೊತ್ತಿದ್ದೂ ಬಂದ್ರಾ?” ಅಂದ್ಲು. ನನ್ನ ಮೇಲೆ ಕರುಣೆಯಿಂದ. ಯಾವುದು ಗೊತ್ತಿದ್ದು ಅಂತ ಅವಳಿಗೆ ಗೊತ್ತಿಲ್ಲ.

ಹಡಗು ಹತ್ತುವಾಗ ಅವಳ ಮುಖ ಬಿಳಿಚಿತ್ತು. ಮೆಟ್ಟಿಲ ಮೇಲೆ ನಿಂತು ಅತ್ತೆಗೆ ಏನೋ ಪಿಸುಗುಟ್ಟಿದ್ಲು. ಅತ್ತೆ ಕೈಚೀಲ ಅಲ್ಲೇ ಬಿಟ್ಟು ಅವಳನ್ನ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರು.

ಕೈಚೀಲ ನನ್ನ ಹತ್ರ ಇದೆ. ಕೊಡೋಕೆ ಹೋಗ್ಬೇಕು. ಹೋಗ್ತಿಲ್ಲ. ನನಗೂ ಸೊಂಟದ ಕೆಳಗೆ ನೋವು. ಟಾಯ್ಲೆಟ್ಟಿಗೆ ಹೋಗೋಕೂ ಭಯ.

ಫೆಬ್ರವರಿ ೫, ಬೆಳಿಗ್ಗೆ ೧೦

ಕ್ಲಿನಿಕ್ಕಿಗೆ ಹೋಗಿ ಬಂದೆ.

ಟೀಚರ್‌ಗೆ ರಕ್ತ ಹೋಗಿದೆ. ಈಗ ನಿಂತಿದೆ. ಮಗುವಿನ ಎದೆಬಡಿತ ಇದೆಯಂತೆ, ಗಟ್ಟಿಯಾಗೇ ಇದೆಯಂತೆ. ಊರು ಮುಟ್ಟೋ ತನಕ ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದಾರೆ ಡಾಕ್ಟರಮ್ಮ.

ಅತ್ತೆ ಬಾಗಿಲ ಹೊರಗಿನ ಕುರ್ಚಿಯಲ್ಲಿದ್ರು. ನಿನ್ನೆಯ ಸೀರೆಯಲ್ಲೇ. ಕೈಚೀಲ ಕೊಟ್ಟೆ. ನೀನು ಹಿಂದಕ್ಕೆ ಕರ್ಕೊಂಡು ಬರದೇ ಇದ್ದಿದ್ರೆ ಏನಾಗ್ತಿತ್ತೋ ಅಂತ ನನಗೇ ಥ್ಯಾಂಕ್ಸ್ ಹೇಳೋಕೆ ಶುರು ಮಾಡಿದ್ರು. ತಡೆಯೋಕಾಗಲಿಲ್ಲ. ಹೇಳಿಬಿಟ್ಟೆ. ಮೂರು ಚೀಟಿ, ಡ್ರಾಯರ್, ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರ್, ನನ್ನ ಹೊಟ್ಟೆ. ಎಲ್ಲ.

ಅವರು ಕೈಚೀಲವನ್ನ ಮಡಿಲಿಗೆ ಎಳ್ಕೊಂಡ್ರು. ಬಯ್ದಿದ್ರೆ ಹಗುರ ಆಗ್ತಿತ್ತು.

“ನಿನ್ನ ಮೇಲೆ ಸಿಟ್ಟಿದೆ. ಇರುತ್ತೆ, ಬೇಗ ಹೋಗಲ್ಲ,” ಅಂದ್ರು. ಆಮೇಲೆ ನನ್ನ ಜಾಕೆಟ್ಟಿನ ಗುಂಡಿ ನೋಡಿ, “ಮೊದಲು ಅದನ್ನ ಬಿಚ್ಚು. ಒಳಗೆ ಹೋಗಿ ನೀನೂ ತೋರಿಸ್ಕೋ.”

ಗುಂಡಿ ಬಿಚ್ಚಿದೆ. ಒಳಗೆ ಹೋಗಲಿಲ್ಲ. ಬಡಿತ ಸಿಗದೇ ಹೋದ್ರೆ?

ಫೆಬ್ರವರಿ ೬, ಮಧ್ಯಾಹ್ನ ೩

ಮೂರೂ ಚೀಟಿ ಮ್ಯಾನೇಜರ್ ಮುಂದೆ ಇಟ್ಟೆ. ದೋಣಿಯ ‘ಸುಲಭ’ ತೆಗೀಬೇಕು ಅಂದೆ. ಓದಿದ್ರು. ಕೆಟ್ಟ ಮನುಷ್ಯ ಅಲ್ಲ, ಆದ್ರೆ ಉತ್ತರ ಸಿದ್ಧವಾಗಿತ್ತು. ಬಸುರಿಯರಿಗೆ ಎಲ್ಲಿದ್ರೂ ಏನಾದ್ರೂ ಆಗಬಹುದು, ದೋಣಿಯಿಂದಲೇ ಅಂತ ಹೇಗೆ ಹೇಳ್ತೀರಿ, ನೀವೂ ಇದ್ರಲ್ಲ, ನಿಮಗೇನಾಯ್ತು?

ಗುರುವಾರ ನಮ್ಮ ಕಂಪನಿಯದೇ ಇನ್ನೊಂದು ಹಡಗಿನವರು ಅದೇ ಪಟ್ಟಿ ನೋಡಿ ಅದೇ ದೋಣಿ ಹತ್ತುತ್ತಾರೆ.

ವರದಿಯ ಫಾರ್ಮ್ ತಗೊಂಡೆ. ಬರೆದೆ: ‘ನಾನು ಹದಿನೇಳು ವಾರದ ಗರ್ಭಿಣಿ. ಆ ದೋಣಿಯಲ್ಲಿದ್ದೆ. ಗರ್ಭಿಣಿಯರನ್ನ, ಬೆನ್ನುನೋವಿನವರನ್ನ ಅದಕ್ಕೆ ಹತ್ತಿಸಬಾರದು. ನನಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ.’ ಸಹಿ.

ಅವರು ಎರಡು ಸಲ ಓದಿದ್ರು. ಕನ್ನಡಕ ತೆಗೆದ್ರು. “ಇದು ಮೇಲೆ ಹೋದ್ರೆ ನೀವು ಇಳೀಬೇಕಾಗುತ್ತೆ. ಗೊತ್ತಲ್ಲ?”

“ಗೊತ್ತು ಸರ್.”

ನೇರ ಕ್ಲಿನಿಕ್ಕಿಗೆ ಹೋದೆ. ಫ್ಯೂಸ್ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿ ಬಂದ. ಡಾಕ್ಟರಮ್ಮ ಹೊಟ್ಟೆ ಮೇಲೆ ಯಂತ್ರ ಇಟ್ಟು ಹುಡುಕಿದ್ರು. ಎಡಕ್ಕೆ. ಕೆಳಕ್ಕೆ. ಬರೀ ಗೊರಗೊರ ಸದ್ದು. ಅವರು ಮಾತು ನಿಲ್ಲಿಸಿದ್ರು. ಹೋದ ಸಲವೂ ಹೀಗೇ ಮಾತು ನಿಂತಿತ್ತು. ಚಾವಣಿಯಲ್ಲಿ ಹನ್ನೆರಡು ಸ್ಕ್ರೂ. ಎಣಿಸಿದೆ. ಮತ್ತೆ ಎಣಿಸಿದೆ.

ಸಿಕ್ಕಿತು. ಬಲಗಡೆ, ತೀರಾ ಕೆಳಗೆ. ಓಡ್ತಿರೋ ಹಾಗೆ.

ಫ್ಯೂಸ್ ಗೋಡೆ ಕಡೆ ತಿರುಗಿ ನಿಂತ. ಗೋಡೆ ಮೇಲೆ ಅವನ ಐದು ಬೆರಳಿನ ಗ್ರೀಸ್ ಗುರುತು.

ಫೆಬ್ರವರಿ ೯, ಬೆಳಿಗ್ಗೆ ೯.೨೦, ವ್ಯಾನಿನಲ್ಲಿ

ಇಳಿಸಿದ್ರು. ಇವನು ಬಂದರಿನ ಗೇಟಿನ ತನಕ ಬಂದ. ಇನ್ನೂ ಐದು ತಿಂಗಳು ಅವನಿಗೆ. ನೀನು ಬರೋಷ್ಟರಲ್ಲಿ ನಾವಿಬ್ಬರಾಗಿರ್ತೀವಿ ಅಂದೆ. ಧೈರ್ಯಕ್ಕೆ ಅಂದಿದ್ದು. ಅವನಿಗೂ ಗೊತ್ತಾಯ್ತು.

ಹೊಸ ಪಟ್ಟಿ ನೋಡಿ ಬಂದೆ. ದೋಣಿಗೆ ಈಗ ಮೂರು ಹೆಜ್ಜೆ, ಕೆಳಗೆ ಎರಡು ಸಾಲು ಎಚ್ಚರಿಕೆ. ಟೀಚರ್ ಮಲಗಿದ್ದಲ್ಲಿಂದಲೇ ಕೈ ಬೀಸಿದ್ಲು. ಅತ್ತೆ ಬೀಸಲಿಲ್ಲ. ಬಾಗಿಲ ತನಕ ಬಂದು ನಿಂತಿದ್ರು, ಅಷ್ಟೇ.

ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ದಾರಿ. ದಾರಿಯಲ್ಲಿ ಎಷ್ಟು ಆಸ್ಪತ್ರೆ ಅಂತ ನೋಡ್ತಾ ಇದ್ದೀನಿ. ಇಲ್ಲಿಯ ತನಕ ಒಂದು. ಅದೂ ಕಣ್ಣಿನದು.

ಡ್ರೈವರ್ ಅವಸರದಲ್ಲಿದ್ದಾನೆ. ರಸ್ತೆ ಉಬ್ಬಿಗೂ ಬ್ರೇಕ್ ಹಾಕಲ್ಲ. ಎರಡು ಸಲ ಸೀಟು ಬಿಗಿಯಾಗಿ ಹಿಡ್ಕೊಂಡು ಸುಮ್ಮನಿದ್ದೆ. ಮೂರನೇ ಸಲ ಬಾಯಿಬಿಟ್ಟು ಹೇಳಿದೆ. “ನಿಧಾನ ಹೋಗಿ. ನಾನು ಬಸುರಿ.” ಯಾರೂ ಕೇಳದೆ, ಯಾರಿಗೂ ಹೆದರದೆ, ಗುರುತಿಲ್ಲದವನೊಬ್ಬನಿಗೆ. ಅವನು ಕನ್ನಡಿಯಲ್ಲಿ ಒಮ್ಮೆ ನೋಡಿದ. ಗೇರ್ ಇಳಿಸಿದ. ಮುಂದೆ ದಾರಿ ಕೆಟ್ಟಿದೆ ಅಕ್ಕ, ಬರೆಯೋದು ಬಿಟ್ಟು ಎರಡೂ ಕೈಯಲ್ಲಿ ಹಿಡ್ಕೊಳ್ಳಿ ಅಂತಿದ್ದಾನೆ. ಸರಿ, ಎರಡೂ