ಲೆಂಪಿ ಕೇಳಿದ್ದ ಬೀರು

ಟ್ಯಾಮರಾಕ್ ಕ್ರೀಕ್, ಮಿಶಿಗನ್
ನವೆಂಬರ್ 16, 2024, ಶನಿವಾರ

ಪ್ರೀತಿಯ ಲೆಂಪಿ,

ನೀನು ಚೆನ್ನಾಗಿದ್ದೀಯ ಎಂದುಕೊಂಡೇ ಶುರುಮಾಡುತ್ತೇನೆ. ಇಲ್ಲದಿದ್ದರೆ ನಿನ್ನ ತಂಗಿ ಡುಲೂತಿನಿಂದ ಫೋನು ಮಾಡುತ್ತಿದ್ದಳು. ಆಗಸ್ಟಿನಲ್ಲಿ ನೀನು ಕಳಿಸಿದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೊ. ಬೇಕೆಂದೇ ತಡಮಾಡಿದೆ. ಹೇಳುವುದಕ್ಕೆ ಒಂದು ಒಳ್ಳೆಯ ಸುದ್ದಿ ಇತ್ತು, ಆದರೆ ಅದು ಇನ್ನೂ ಅರ್ಧ ಬೆಂದಿತ್ತು. ನಿನ್ನೆ ಪೂರ್ತಿ ಬೆಂದಿತು. ಗೆದ್ದೆವು ಕಣೇ ಲೆಂಪಿ! ನೀನು ಗೆದ್ದೆ.

ನಿನ್ನೆ ಜಿಂಕೆ ಬೇಟೆಯ ಮೊದಲ ದಿನ. ಎಂದಿನಂತೆ ಶಾಲೆಗೆ ರಜೆ, ಬ್ಯಾಂಕಿನಲ್ಲಿ ಒಬ್ಬಳೇ ಹುಡುಗಿ, ಊರಿನ ಗಂಡಸರೆಲ್ಲ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಕಾಡಿನಲ್ಲಿ. ನಾನೂ ಹೋಗಿದ್ದೆ. ಮಂಡಿ ಹಿಡಿದುಕೊಂಡಿದ್ದರಿಂದ ಮಧ್ಯಾಹ್ನವೇ ಬಿಡಾರಕ್ಕೆ ಹಿಂತಿರುಗಿದೆ. ಎರಡು ಹೆಣ್ಣುಜಿಂಕೆ ನನ್ನ ಮುಂದೆಯೇ ಮೇಯುತ್ತ ನಿಂತಿದ್ದವು, ಮುದುಕಿಯೆಂದು ಗುರುತು ಹಿಡಿದವೋ ಏನೋ. ಏಲಕ್ಕಿ ಬ್ರೆಡ್ಡು ಈ ಸಲ ಕಲ್ಲಾಯಿತು. ಹಿಟ್ಟು ನಾದುವ ಕೈ ನಿನ್ನದು, ನನ್ನದಲ್ಲ.

ನಿನಗೆ ನೋವಾಗುವ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಕರ್ಟನ ಮಾತಿಲ್ಲದೆ ಈ ಸುದ್ದಿ ಹೇಳಲಾಗುವುದಿಲ್ಲ.

ಆ ಚಳಿಗಾಲದಲ್ಲಿ ನಿನ್ನ ಮಗ ನಮ್ಮ ಬಂದೂಕು ಕ್ಲಬ್ಬಿಗೆ ಬಂದು ಗುರಿಹಲಗೆಯ ಮೇಲೆ ಮನುಷ್ಯರ ಮುಖ ಬರೆದು ಗುಂಡು ಹೊಡೆಯುತ್ತಿದ್ದ. ಬೇಟೆ ಬಿಟ್ಟಿದ್ದ, ಆದರೆ ತೋಟಾಗಳನ್ನು ಪೆಟ್ಟಿಗೆಗಟ್ಟಲೆ ಕೊಳ್ಳುತ್ತಿದ್ದ. ಇದನ್ನು ನೋಡದವರು ನಮ್ಮಲ್ಲಿ ಯಾರೂ ಇರಲಿಲ್ಲ. ನೋಡಿ ಏನು ಮಾಡಿದೆವು? ನಿಯಮದ ಪುಸ್ತಕ ತೆಗೆದೆವು. ಗುಂಡಗಿನ ಗುರಿಗೆ ಮಾತ್ರ ಹೊಡೆಯಬೇಕು ಎಂದು ಅದರಲ್ಲಿದೆ. ನಿಯಮ ಮುರಿದ ಎಂದು ಅವನ ಹೆಸರು ಹೊಡೆದುಹಾಕಿ, ನಮ್ಮ ಕ್ಲಬ್ಬು ಎಷ್ಟು ಶಿಸ್ತಿನದು ಎಂದು ಬೀಗಿದೆವು. ಬಂದೂಕಿನ ವಿಷಯದಲ್ಲಿ ಇಷ್ಟು ಎಚ್ಚರದ ಜನ, ಹುಡುಗನನ್ನು ಗೇಟಿನ ಆಚೆ ಹಾಕಿ ಕೈತೊಳೆದುಕೊಂಡೆವು. ಅವನು ಬಂದೂಕುಗಳನ್ನು ತೆಗೆದುಕೊಂಡು ಮನೆಗೆ ಹೋದ.

ಆಮೇಲೆ ನೀನು ಬಂದೆ. ಸಭೆಯ ಮಧ್ಯೆ ಕೈಗವಸು ಹಿಂಡುತ್ತ ನಿಂತು, "ನನ್ನ ಮಗ ಸರಿಯಿಲ್ಲ. ಅವನ ಬಂದೂಕುಗಳನ್ನ ನಿಮ್ಮ ಕಬ್ಬಿಣದ ಬೀರುವಿನಲ್ಲಿ ಸ್ವಲ್ಪ ದಿನ ಇಟ್ಕೊಳ್ಳಿ, ನೀವು ಕೇಳಿದ್ರೆ ಕೊಡ್ತಾನೆ" ಅಂದೆ. ಅಧ್ಯಕ್ಷರ ಕುರ್ಚಿಯಿಂದ ವೈನೊ ಹೇಳಿದ್ದು ನಿನಗೂ ನೆನಪಿರುತ್ತದೆ: "ಲೆಂಪಿ, ಅವನು ಈಗ ನಮ್ಮ ಸದಸ್ಯನೇ ಅಲ್ವಲ್ಲ." ಮಾರ್ಚಿನಲ್ಲಿ ಕರ್ಟ್ ಸಮುದಾಯ ಭವನದ ಶುಕ್ರವಾರದ ಮೀನೂಟಕ್ಕೆ ರೈಫಲ್ಲು ಹಿಡಿದು ಹೋದ. ಐದು ಜನ ಸತ್ತರು.

ಆಮೇಲಿನದ್ದು ನಿನಗೆ ಗೊತ್ತಿಲ್ಲ, ನೀನು ಊರು ಬಿಟ್ಟಿದ್ದೆ. ಪತ್ರಿಕೆಯವರು ಬಂದು ನಮ್ಮನ್ನೆಲ್ಲ ಒಂದೇ ಗೋಣಿಗೆ ತುಂಬಿದರು. ಹೆದರಿದ ಅರ್ಧ ಊರು ಇನ್ನೊಂದೊಂದು ಬಂದೂಕು ಕೊಂಡಿತು. ಒಬ್ಬಿಬ್ಬರು ಇದ್ದದ್ದನ್ನೂ ಮಾರಿದರು. ಕಾಫಿ ಅಂಗಡಿಯಲ್ಲಿ ಒಬ್ಬರ ಎದುರು ಒಬ್ಬರು ಕೂರುವಂತಿರಲಿಲ್ಲ. "ನಮಗೇನು ಕನಸು ಬಿದ್ದಿತ್ತಾ?" ಎಂಬುದೇ ಎಲ್ಲರ ಬಾಯಲ್ಲಿ. ಕನಸೇಕೆ ಬೀಳಬೇಕು, ಅವನ ತಾಯಿ ಬಂದು ಹೇಳಿದ್ದಳಲ್ಲ!

ಈ ಮೇ ತಿಂಗಳಲ್ಲಿ ನನಗೆ ತಡೆಯಲಾಗಲಿಲ್ಲ. ಸಭೆಯಲ್ಲಿ ಎದ್ದುನಿಂತೆ. ನೀನು ಅಂದು ಕೇಳಿದ್ದನ್ನೇ ನಿಯಮ ಮಾಡಬೇಕೆಂದು ಕೇಳಿದೆ. ಯಾರ ಮನಸ್ಸಾದರೂ ಕೆಟ್ಟಿದೆ ಎನಿಸಿದರೆ, ಅವನು ಸದಸ್ಯನಿರಲಿ ಬಿಡಲಿ, ನಮ್ಮಲ್ಲಿ ಇಬ್ಬರು ಅವನ ಮನೆಗೆ ಹೋಗಬೇಕು, ಕೇಳಬೇಕು, ಅವನು ಕೊಟ್ಟರೆ ಬಂದೂಕುಗಳನ್ನು ಬೀರುವಿನಲ್ಲಿ ಇಡಬೇಕು, ವಾಸಿಯಾದ ಮೇಲೆ ಹಿಂದಿರುಗಿಸಬೇಕು. ಕೊಡದಿದ್ದರೆ ಶೆರಿಫ್‌ಗೆ ತಿಳಿಸಬೇಕು.

ವೈನೊ ಮೇಜು ಗುದ್ದಿದ. "ಇವತ್ತು ಬೀರು ಅಂತೀಯ, ನಾಳೆ ಸರ್ಕಾರದವರು ಲಾರಿ ತಂದು ನಿಲ್ಲಿಸ್ತಾರೆ! ನನ್ನ ತಲೆ ಸರಿ ಇದೆಯಾ ಅಂತ ಕೇಳೋಕೆ ನೀನ್ಯಾರು ಐಲಿ?"

"ನಿನ್ನ ತಲೆ ನನಗೆ ಒಂದನೇ ಕ್ಲಾಸಿಂದ ಗೊತ್ತು," ಅಂದೆ. "ಅದರಲ್ಲಿ ನೋಡೋಕೆ ಅಂಥದ್ದೇನಿಲ್ಲ, ಕೂತ್ಕೊ."

ನಕ್ಕರು ನೋಡು, ಅಲ್ಲಿಗೆ ಅರ್ಧ ಗೆದ್ದ ಹಾಗಾಯಿತು. ಕೈ ಎತ್ತಿಸಿದಾಗ ನಮ್ಮ ಕಡೆಯೇ ಹೆಚ್ಚಿತ್ತು. ವೈನೊ ಟೋಪಿ ಎಸೆದು ಎದ್ದುಹೋದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ಕೊಳ್ಳಿ" ಎಂದು ಬಾಗಿಲಲ್ಲಿ ನಿಂತು ಕೂಗಿಯೇ ಹೋದ.

ಅದೇ ವೈನೊ ಅಕ್ಟೋಬರಿನಲ್ಲಿ ನನ್ನ ಬಾಗಿಲು ತಟ್ಟಿದ. ಗೋರ್ಡಿಯ ವಿಷಯ. ಮರದ ಗಿರಣಿಯಲ್ಲಿ ಗರಗಸ ನಡೆಸುತ್ತಿದ್ದನಲ್ಲ, ವೈನೊನ ಬೇಟೆಯ ಜೊತೆಗಾರ. ಗಿರಣಿಯವರು ಅವನನ್ನು ಕೆಲಸದಿಂದ ತೆಗೆದಿದ್ದರು. ವೈನೊ ಕೂರಲೂ ಇಲ್ಲ.

"ನಾಯಿ ಕೊಟ್ಬಿಟ್ಟ ಐಲಿ. ಆ ನಾಯಿ ಅಂದ್ರೆ ಅವನಿಗೆ ಪ್ರಾಣ. ಶನಿವಾರದ ಸೌನಾ ಹಬೆಸ್ನಾನಕ್ಕೂ ಬರ್ತಿಲ್ಲ. ಗಿರಣಿ ಗೇಟಿನ ಎದುರು ಗಾಡಿ ನಿಲ್ಲಿಸ್ಕೊಂಡು ಸುಮ್ನೆ ಕೂತಿರ್ತಾನೆ. ಯಾಕೋ ಅಂದ್ರೆ, ಯಾರ್ಯಾರು ಎಷ್ಟು ಹೊತ್ತಿಗೆ ಹೊರಗೆ ಬರ್ತಾರೆ ನೋಡ್ತಿದೀನಿ ಅಂದ."

"ಶೆರಿಫ್‌ಗೆ ಹೇಳೋಣ್ವಾ?"

"ಮೊದಲು ನಾನು ಕೇಳ್ತೀನಿ. ನಿನ್ನ ದರಿದ್ರದ ನಿಯಮದಲ್ಲಿ ಇಬ್ಬರು ಹೋಗ್ಬೇಕು ಅಂತಿದೆಯಲ್ಲ, ಕೋಟು ಹಾಕ್ಕೊ."

ಶೆರಿಫ್ ಕಚೇರಿಗೆ ನಾನು ಫೋನು ಮಾಡಿ ತಿಳಿಸಿಯೇ ಹೊರಟೆ. ವೈನೊ ಗೊಣಗಿದ, ಬೇಡ ಅನ್ನಲಿಲ್ಲ. ಗೋರ್ಡಿ ಬಾಗಿಲು ತೆಗೆದ. ಗಡ್ಡ ಬೆಳೆದಿತ್ತು, ಅಡುಗೆಮನೆಯಲ್ಲಿ ವಾರದ ಪಾತ್ರೆ. ಮೇಜಿನ ಮೇಲೆ ರೈಫಲ್ಲು.

"ಏನ್ರಪ್ಪಾ, ಕ್ಲಬ್ಬಿಂದ ಪೊಲೀಸು ಬಂದ್ರಾ?" ಅಂದ.

ವೈನೊ ಕುರ್ಚಿ ಎಳೆದುಕೊಂಡು ಅವನ ಎದುರೇ ಕೂತ. ನನಗೆ ಅವನ ಬಾಯಿಯ ಭಯ. ಆದರೆ ಅವನು ಕೂಗಲಿಲ್ಲ.

"ಲೇ ಗೋರ್ಡಿ, ನಾವು ಬೇಟೆಗೆ ಹೋಗೋಕೆ ಶುರುಮಾಡಿ ಎಷ್ಟು ವರ್ಷ ಆಯ್ತೋ. ಬಿಡಾರದ ಬಾಗಿಲಲ್ಲಿ ಪ್ರತಿ ಸಲ ನಿನ್ನ ಬಂದೂಕಿನ ಬೋಲ್ಟ್ ಎಳೆಸಿ, ಒಳಗೆ ಗುಂಡಿದೆಯಾ ಅಂತ ಬಗ್ಗಿ ನೋಡಿದೀನಿ. ನೀನು ತೆಗೆದಿದೀನಿ ಅಂದ್ರೂ ನೋಡಿದೀನಿ. ಯಾವತ್ತಾದ್ರೂ ಅವಮಾನ ಆಯ್ತಾ ನಿನಗೆ?"

"ಅದ್ರಲ್ಲೇನು ಅವಮಾನ? ನಾನೂ ನಿಂದು ನೋಡ್ತೀನಿ."

"ಹಾಗಾದ್ರೆ ಈಗ ತಲೆ ತೋರ್ಸು. ಒಳಗೆ ಏನೋ ತುಂಬ್ಕೊಂಡಿದೀಯ. ಸುಳ್ಳು ಹೇಳ್ಬೇಡ, ನಾನು ನೋಡೇ ಹೋಗೋದು."

ಗೋರ್ಡಿ ನಕ್ಕ. ನಗುತ್ತಲೇ ಇದ್ದವನ ಮುಖ ಹಾಗೇ ಮುರಿದುಬಿತ್ತು, ಲೆಂಪಿ. ಅಷ್ಟು ದೊಡ್ಡ ಆಳು, ಮೇಜಿಗೆ ಹಣೆ ಹಚ್ಚಿ ಅತ್ತ. ವೈನೊಗೆ ಅಳುವವರನ್ನು ಸಮಾಧಾನ ಮಾಡಿ ಗೊತ್ತೇ ಇಲ್ಲ. ಗೋಡೆ ನೋಡುತ್ತ ಅವನ ಬೆನ್ನು ತಟ್ಟುತ್ತಿದ್ದ. ಆಮೇಲೆ ಗೋರ್ಡಿ ತಾನೇ ಎದ್ದು ಒಂದೊಂದೇ ಬಂದೂಕು ತಂದು, ಬೋಲ್ಟ್ ಎಳೆದು ತೋರಿಸಿ ನಮ್ಮ ಕೈಗಿತ್ತ. ಗಾಡಿಗೆ ತುಂಬಿ ಹೊರಟಿದ್ದೆವು. ಅವನು ಬರೀ ಕಾಲುಚೀಲದಲ್ಲಿ ಹಿಮದ ಮೇಲೆ ಓಡಿಬಂದು ಕಿಟಕಿ ಬಡಿದ. "ಇನ್ನೊಂದಿದೆ. ನನ್ನ ಗಾಡಿ ಸೀಟಿನ ಹಿಂದೆ. ಅದನ್ನೂ ತಗೊಂಡ್ಹೋಗಿ."

ನಾವು ಕೇಳದೆ ಅವನೇ ಹೇಳಿದ! ಆ ಕ್ಷಣ ನನಗೆ ಚರ್ಚಿನ ಗಂಟೆ ಹೊಡೆಯಬೇಕು ಅನ್ನಿಸಿತು.

ಮಾರನೆಯ ದಿನ ವೈನೊ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಈಗ ಶಾಲೆಯ ಬಸ್ಸುಗಳ ಷೆಡ್ಡಿನಲ್ಲಿ ಕೆಲಸ ಸಿಕ್ಕಿದೆ. ನಾಯಿಯೂ ಮನೆಗೆ ಬಂದಿದೆ. ಬಂದೂಕು ಇನ್ನೂ ಬೀರುವಿನಲ್ಲೇ ಇವೆ, ಅವನು ಕೇಳಿಯೂ ಇಲ್ಲ.

ನಿನ್ನೆ ಅವನು ಬಿಡಾರಕ್ಕೆ ಬರಿಗೈಯಲ್ಲಿ ಬಂದು ಒಲೆಯ ಮುಂದೆ ನಿಂತ. ಈರುಳ್ಳಿ ಹಾಕಿ ಜಿಂಕೆಯ ಈಲಿ ಹುರಿದ, ನನ್ನ ಕಲ್ಲುಬ್ರೆಡ್ಡನ್ನು ಬೆಣ್ಣೆಯಲ್ಲಿ ಕಾಯಿಸಿ ತಿನ್ನುವ ಹಾಗೆ ಮಾಡಿದ. ಊಟದ ನಡುವೆ ಎಲ್ಲರೆದುರು ಹೇಳಿದ: "ಇವರಿಬ್ಬರು ಬಂದಿದ್ದು ಮಂಗಳವಾರ. ನಾನು ಬುಧವಾರ ಗಿರಣಿಗೆ ಹೋಗೋನಿದ್ದೆ." ಆಮೇಲೆ ಯಾರೋ ಲೋಟ ಮೇಜಿಗೆ ಕುಟ್ಟಿದರು, ಇನ್ನೊಬ್ಬರು ಕುಟ್ಟಿದರು, ಇಡೀ ಬಿಡಾರ ಕುಟ್ಟತೊಡಗಿತು. ಸೂರಿನ ಹಿಮ ಜಾರಿ ಬಿತ್ತೆಂದರೆ ನಂಬುತ್ತೀಯಾ?

ವೈನೊ ಎದ್ದುನಿಂತ. ಅವನ ಮಾತನ್ನು ಹಾಗೇ ಬರೆಯುತ್ತೇನೆ, ಇಂಥದ್ದು ಅವನ ಬಾಯಲ್ಲಿ ಇನ್ನೊಮ್ಮೆ ಬರುವುದಿಲ್ಲ. "ಈ ಬೀರು ಮೊದಲು ಕೇಳಿದ್ದು ಲೆಂಪಿ. ನಾನು ಬಾಗಿಲು ಹಾಕ್ದೆ. ಅವಳು ಹೇಳಿದ್ದೇ ಸರಿ. ಗಿರಣಿಯಲ್ಲಿ ಬುಧವಾರ ಎಲ್ಲರೂ ಊಟಕ್ಕೆ ಮನೆಗೆ ಹೋದ್ರಲ್ಲ, ಅದು ಅವಳಿಂದ." ಎಲ್ಲರೂ ಎದ್ದು ನಿಂತರು, ಲೆಂಪಿ. ನಿನ್ನ ಹೆಸರು ಹೇಳಿ ಕುಡಿದರು. ಊರಿಗೆ ಮುಖ ತೋರಿಸಲಾರೆ ಅನ್ನುತ್ತೀಯಲ್ಲ, ಊರೇ ನಿನಗಾಗಿ ಎದ್ದು ನಿಂತಿತ್ತು. ನಾನು ಅತ್ತೆ, ನಾಚಿಕೆಯೇನಿಲ್ಲ.

ಬಾ. ರಸ್ತೆ ಹಿಮಕ್ಕೆ ಮುಚ್ಚುವ ಮೊದಲು ಬಾ. ವೈನೊ ಬಂದು ಕರೆತರುತ್ತಾನಂತೆ, ಕ್ಷಮೆ ಕೇಳುವುದನ್ನು ದಾರಿಯಲ್ಲೇ ಮುಗಿಸುತ್ತಾನಂತೆ. ದೇವರು ನಿನ್ನ ಮಂಡಿಯನ್ನೂ ಮನಸ್ಸನ್ನೂ ಬೆಚ್ಚಗಿಟ್ಟಿರಲಿ. ನಿನ್ನ ತಂಗಿಗೆ ನನ್ನ ನೆನಪು ಹೇಳು.

ಎಂದಿನಂತೆ ನಿನ್ನ,
ಐಲಿ

ಮರೆತ ಮಾತು: ಮರೆತದ್ದಲ್ಲ, ಸುಳ್ಳೇಕೆ. "ಓನ್ನಿಯನ್ನು ಕೊಂದವನ ತಾಯಿಗೆ ನೀನು ಹೇಗೆ ಕಾಗದ ಬರೀತೀಯ?" ಎಂದು ಕಾರ್ಡಿನಲ್ಲಿ ಕೇಳಿದ್ದೆಯಲ್ಲ. ಮೇಲೆ ಇಷ್ಟುದ್ದ ಬರೆದರೂ ಅದಕ್ಕೆ ಉತ್ತರ ಬರೆಯಲಿಲ್ಲ. ನನ್ನ ಗಂಡ ಬಂದೂಕಿಗೆ ಎದೆಯೊಡ್ಡಿದ ಎಂದು ಭವನದ ಫಲಕದಲ್ಲಿ ಕೆತ್ತಿಸಿದ್ದಾರೆ. ಹಾಗಲ್ಲ. ಪಕ್ಕದ ಮೇಜಿನಲ್ಲಿದ್ದ ಹುಡುಗಿ ನನಗೊಬ್ಬಳಿಗೇ ಹೇಳಿದಳು. ಓನ್ನಿ ಮೀನು ಬಡಿಸುತ್ತಿದ್ದ, ಬಾಗಿಲಲ್ಲಿ ಕರ್ಟನನ್ನು ಕಂಡ, ಅವನ ಕೈಯಲ್ಲಿದ್ದುದನ್ನು ನೋಡಲೇ ಇಲ್ಲ. ಮುಖವೆಲ್ಲ ಅರಳಿಸಿಕೊಂಡು ಕುರ್ಚಿ ಎಳೆದುಕೊಟ್ಟು, "ಬಂದ್ಯಾ ಮಗಾ, ಕೂತ್ಕೊ, ಬಿಸಿಯಾಗಿದೆ" ಅಂದ. ಅಷ್ಟೇ. ಕರ್ಟನ ಮೇಲೆ ನನಗೆ ಕೋಪ ಇದೆ ಲೆಂಪಿ, ಅದು ಸಾಯುವವರೆಗೂ ಹೋಗುವುದಿಲ್ಲ. ಆದರೆ ಆ ಸಂಜೆ ನಿನ್ನ ಮಗ ಬಂದನೆಂದು ಖುಷಿಪಟ್ಟವನು ಈ ಊರಿನಲ್ಲಿ ಒಬ್ಬನಿದ್ದ. ಅವನ ಬಗ್ಗೆ ಮಾತಾಡಲು ನನಗೆ ನಿನ್ನನ್ನು ಬಿಟ್ಟರೆ ಯಾರೂ ಇಲ್ಲ.